ಸ್ತಾಮೆಂಕಳ ಎಡಗೈ ಗಂಟು

ಸ್ತಾಮೆಂಕ ಹಾಕಿದ ಗಂಟನ್ನು ಬಿಚ್ಚುವ ಗಂಡಸು ನಮ್ಮ ಕೇರಿಯಲ್ಲಿ ಇನ್ನೂ ಹುಟ್ಟಿಲ್ಲ. ಅವಳು ಕರುವನ್ನು ಕಟ್ಟಿದಳೆಂದರೆ ಕರು ಗೂಟವನ್ನೇ ಕಿತ್ತುಕೊಂಡು ಓಡಬೇಕೇ ಹೊರತು ಹಗ್ಗ ಜಾರುವ ಮಾತೇ ಇಲ್ಲ. ಅವಳು ಎಡಚಿ. ಊರಿನವರ ಹಗ್ಗವೆಲ್ಲ ಬಲಕ್ಕೆ ಸುತ್ತಿದರೆ ಅವಳದು ಎಡಕ್ಕೆ ಸುತ್ತುತ್ತದೆ. ಮದುವೆಯಾದ ಹೊಸದರಲ್ಲಿ ಗಂಡ ರಾಡಿಸಾವ್ ಅವಳು ಕಟ್ಟಿಟ್ಟ ಹಿಟ್ಟಿನ ಚೀಲದ ಬಾಯಿ ಬಿಚ್ಚಲಾಗದೆ ಬೆವರಿ, ಕೊನೆಗೆ ಚೀಲದ ತಳ ಕೊಯ್ದು ಹಿಟ್ಟು ತೆಗೆದನಂತೆ. ಆ ಮಾತನ್ನು ಇವತ್ತಿಗೂ ಎತ್ತಿದರೆ ರಾಡಿಸಾವ್ ಕೆಮ್ಮಿಕೊಂಡು ಎದ್ದು ಹೋಗುತ್ತಾನೆ.

ವೆತೆರ್ನಿತ್ಸ ಹೊಳೆಯ ಈಚೆ ದಡದಲ್ಲಿ ನಮ್ಮದು ಮೆಣಸಿನಕಾಯಿಯ ಸೀಮೆ. ಖಾರದ ಕಾಯಲ್ಲ, ಅಂಗೈ ಉದ್ದದ, ದಪ್ಪ ತೊಗಲಿನ, ಸಿಹಿ ಕೆಂಪು ಕಾಯಿ. ಬೇಸಿಗೆ ಮುಗಿಯುತ್ತಿದ್ದಂತೆ ಕೇರಿಗೆ ಕೇರಿಯೇ ಕಾಯಿ ಸುಡುವ ಹೊಗೆಯಲ್ಲಿ ಮುಳುಗುತ್ತದೆ. ಸುಟ್ಟು, ಸಿಪ್ಪೆ ಬಿಡಿಸಿ, ನೀರು ಇಳಿಯಲು ಬಟ್ಟೆಯಲ್ಲಿ ತೂಗುಹಾಕಿ, ಅರೆದು, ಅಗಲ ಬಾಯಿಯ ಕೊಪ್ಪರಿಗೆಯಲ್ಲಿ ಎಣ್ಣೆ ಹುಯ್ದು ಕಾಯಿಸಿದರೆ ಐವಾರ್ ಆಗುತ್ತದೆ. ಚಳಿಗಾಲದುದ್ದಕ್ಕೂ ರೊಟ್ಟಿಗೆ ಅದೇ ನಂಚಿಕೆ, ಅದೇ ಮರ್ಯಾದೆ. ಕಾಯಿಸುವುದೇನು ಹುಡುಗಾಟವಲ್ಲ. ಬೆಳಗ್ಗೆ ಒಲೆ ಹೊತ್ತಿಸಿದರೆ ಹೊತ್ತು ಇಳಿಯುವತನಕ ತಿರುವುತ್ತಲೇ ಇರಬೇಕು. ಕಣ್ಣು ಮಿಟುಕಿಸಿದರೆ ತಳ ಹಿಡಿಯುತ್ತದೆ. ಮರದ ಸೌಟು ಎಳೆದಾಗ ಕೊಪ್ಪರಿಗೆಯ ತಳದಲ್ಲಿ ಒಂದು ದಾರಿ ಮೂಡಬೇಕು. ಆ ದಾರಿ ಕೂಡಿಕೊಳ್ಳದೆ ನಿಂತರೆ ಐವಾರ್ ಆಯಿತೆಂದು ಅರ್ಥ.

ನಮ್ಮ ಕೇರಿಯಲ್ಲಿ ಎಲ್ಲರ ಕಾಯಿಯೂ ಒಂದೇ ಕೊಪ್ಪರಿಗೆಯಲ್ಲಿ ಬೇಯುತ್ತದೆ, ಅದೂ ಸ್ತಾಮೆಂಕಳ ಅಂಗಳದಲ್ಲಿ. ಸೌಟು ಯಾರ ಕೈಯಲ್ಲಿದೆಯೋ ಅವಳೇ ಆವತ್ತಿನ ಯಜಮಾನಿ. ಅವಳ ಮಾತಿಗೆ ಪಾದ್ರಿಯೂ ತಲೆದೂಗಬೇಕು. ಸ್ತಾಮೆಂಕಳ ಅತ್ತೆ ಮೊದಮೊದಲು, “ಎಡಗೈಲಿ ತಿರುವಿದ ಅಡುಗೇನ ದೆವ್ವ ಮೊದಲು ರುಚಿ ನೋಡ್ತದೆ” ಎಂದು ಸೊಸೆಯನ್ನು ಒಲೆಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಒಂದು ವರ್ಷ ಅತ್ತೆಗೆ ಜ್ವರ ಬಂತು, ಸೊಸೆ ತಿರುವಿದಳು. ಅತ್ತೆ ಹಾಸಿಗೆಯಲ್ಲೇ ಒಂದು ಚಮಚ ನೆಕ್ಕಿ, ಗೋಡೆಯ ಕಡೆ ತಿರುಗಿ ಮಲಗಿದಳಂತೆ. ಮಾರನೆಯ ವರ್ಷ ಅವಳೇ ಮಗನಿಗೆ, “ಲೋ, ನಿನ್ನ ಹೆಂಡ್ತಿಗೊಂದು ಸೌಟು ಕೆತ್ತಿಕೊಡೋ” ಎಂದಳು. ರಾಡಿಸಾವ್ ಅಕ್ರೋಟು ಮರದಲ್ಲಿ ಎಡಗೈ ಕುಡುಗೋಲಿನ ಹಾಗೆ ಬಾಗು ಕೊಟ್ಟು ಕೆತ್ತಿದ. ಆ ಸೌಟು ಬಲಗೈಯವರ ಹಿಡಿತಕ್ಕೆ ಒಗ್ಗುವುದೇ ಇಲ್ಲ. ಹಿಡಿದರೆ ಮೊಂಡು ಹೋರಿಯ ಹಾಗೆ ಅಡ್ಡ ತಿರುಗುತ್ತದೆ.

ಇದು ಎಲ್ಲರಿಗಿಂತ ಹೆಚ್ಚು ಚುಚ್ಚಿದ್ದು ಲೆಪೊಸಾವಳಿಗೆ. ಅವಳು ರಾಡಿಸಾವನ ತಮ್ಮನ ಹೆಂಡತಿ, ಸ್ತಾಮೆಂಕಳ ಓರಗಿತ್ತಿ. ಒಂದೇ ಅಂಗಳದ ಆಚೆ ಬಾಗಿಲು ಅವಳದು, ಈಚೆ ಬಾಗಿಲು ಇವಳದು. ಲೆಪೊಸಾವಳ ಗಂಡ ತೀರಿಕೊಂಡ ಮೇಲೆ ಮೂವರೂ ಒಂದೇ ಮೇಜಿನಲ್ಲಿ ಕಾಫಿ ಕುಡಿಯುತ್ತಿದ್ದರೂ ಎರಡು ಜಡೆ ಒಂದು ಕಡೆ ಸೇರಿದ ಮೇಲೆ ಕೇಳಬೇಕೆ? ಒಬ್ಬಳು ಕಾಫಿಗೆ ಸಕ್ಕರೆ ಹೆಚ್ಚಾಯಿತು ಅಂದರೆ ಇನ್ನೊಬ್ಬಳಿಗೆ ಅದು ಬೇವಿನಷ್ಟು ಕಹಿ. ಹಾಗಂತ ಒಬ್ಬಳಿಗೆ ತಲೆ ನೋವು ಬಂದರೆ ಇನ್ನೊಬ್ಬಳಿಗೆ ನಿದ್ದೆ ಬರುತ್ತಿರಲಿಲ್ಲ. ಅದನ್ನು ಇಬ್ಬರೂ ಒಪ್ಪುತ್ತಿರಲಿಲ್ಲ ಅಷ್ಟೆ.

ಸ್ತಾಮೆಂಕಳ ಎದೆ ಬಡಿತ ನಿಧಾನವಾಗುತ್ತ ಬಂದದ್ದು ಹೋದ ಬೇಸಿಗೆಯಲ್ಲಿ. ದ್ರಾಕ್ಷಿ ಚಪ್ಪರದ ಕೆಳಗೆ ಬೀನ್ಸ್ ಸುಲಿಯುತ್ತಿದ್ದವಳು ಹಾಗೇ ಪಕ್ಕಕ್ಕೆ ಒರಗಿ ಬಿದ್ದಳು. ಎದ್ದವಳೇ, “ಬೀನ್ಸ್ ಚೆಲ್ಲಿತಾ?” ಎಂದಳು. ಇನ್ನೊಂದು ಸಲ ಬಿದ್ದಾಗ ಬೇಲಿಯ ಮೇಲೆ ಬಿದ್ದಳು. ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದರು. ಎದೆ ಬಡಿತ ನಡುನಡುವೆ ನಿಂತು ನಿಂತು ಹೋಗುತ್ತಿದೆ, ಪೇಸ್‌ಮೇಕರ್ ಇಡಬೇಕು ಎಂದರು ಅಲ್ಲಿಯ ಡಾಕ್ಟರು. ಹೆಗಲ ಮೂಳೆಯ ಕೆಳಗೆ ಚರ್ಮದೊಳಗೆ ಬೆಂಕಿಪೊಟ್ಟಣದಷ್ಟು ಸಣ್ಣ ಯಂತ್ರ, ಅದರಿಂದ ರಕ್ತನಾಳದೊಳಗೆ ಹಾದು ಹೃದಯಕ್ಕೆ ಇಳಿಯುವ ತಂತಿ. ಯಾವ ಕಡೆ ಇಡಬೇಕೆಂದು ತೀರ್ಮಾನಿಸುವ ಮೊದಲು ಡಾಕ್ಟರು ಕೇಳಿದರು:

“ಅಮ್ಮಾ, ನೀವು ಯಾವ ಕೈಲಿ ಬರೆಯೋದು?”

ಸ್ತಾಮೆಂಕ ಬೆನ್ನು ನೆಟ್ಟಗೆ ಮಾಡಿಕೊಂಡಳು. ಅವಳ ಕಾಲದಲ್ಲಿ ಎಡಗೈಯಲ್ಲಿ ಬಳಪ ಹಿಡಿದ ಮಕ್ಕಳ ಬೆರಳ ಗೆಣ್ಣಿಗೆ ಮೇಷ್ಟರು ಬಾಸುಂಡೆ ಬರುವ ಹಾಗೆ ಬಾರಿಸುತ್ತಿದ್ದರು. ಪೆಟ್ಟು ತಿಂದು ತಿಂದು ಅವಳು ಬಲಗೈಯಲ್ಲಿ ಬರೆಯಲು ಕಲಿತಿದ್ದಳು. ಬರೀ ಕಲಿತದ್ದಲ್ಲ, ಇಡೀ ಶಾಲೆಯಲ್ಲಿ ಅವಳದೇ ಮುತ್ತಿನಂಥ ಅಕ್ಷರ. ಅದು ಅವಳು ಗೆದ್ದುಕೊಂಡ ಬಿರುದು.

“ಬಲಗೈ!” ಎಂದಳು, ಎದೆಯುಬ್ಬಿಸಿ. “ಬೇಕಾದ್ರೆ ಕಾಗದ ಕೊಡಿ, ಬರ್ದು ತೋರಿಸ್ತೀನಿ.”

ಕಾಗದ ಯಾರೂ ಕೊಡಲಿಲ್ಲ. ಕೆಲಸ ಮಾಡುವ ಕೈಗೆ ತೊಂದರೆ ಆಗದಿರಲೆಂದು ಯಂತ್ರವನ್ನು ಎಡಗಡೆ ಇಟ್ಟರು.

ಮನೆಗೆ ಕಳಿಸುವ ದಿನ ನರ್ಸು ಮೊಗಸಾಲೆಯಲ್ಲಿ ರಾಡಿಸಾವನನ್ನು ನಿಲ್ಲಿಸಿಕೊಂಡು ಹೇಳತೊಡಗಿದಳು: “ಕೆಲವು ವಾರ ಎಡಗೈನ ಭುಜಕ್ಕಿಂತ ಮೇಲೆ ಎತ್ತಬಾರದು. ಭಾರ ಹೊರಬಾರದು.” ಅಷ್ಟರಲ್ಲಿ ಮೊಗಸಾಲೆಯ ತುದಿಯ ಕಿಟಕಿಯೊಂದು ಪಟಪಟ ಬಡಿಯಿತು. ಎದುರಿನ ಬಾಗಿಲೂ ತೆರೆದಿತ್ತು. ಎರಡು ಕಡೆ ತೆರೆದಿದ್ದರೆ ನಡುವೆ ಹರಿಯುವ ಸಂದಿಗಾಳಿ ನಮ್ಮವರಿಗೆ ಯಮನ ಉಸಿರು ಇದ್ದ ಹಾಗೆ. ಕುತ್ತಿಗೆ ಹಿಡಿಯುವುದು, ಹಲ್ಲು ನೋಯುವುದು, ಮಕ್ಕಳಾಗದಿರುವುದು, ಎಲ್ಲಕ್ಕೂ ಸಂದಿಗಾಳಿಯೇ ಮೂಲ. ರಾಡಿಸಾವ್ ಓಡಿಹೋಗಿ ಕಿಟಕಿ ಭದ್ರಪಡಿಸಿದ. ಹಿಂದಿನಿಂದ ನರ್ಸು, “ಮಿಕ್ಕಂತೆ ಕೈ ಸುಮ್ಮನೆ ಬಿಡಬೇಡಿ, ಮುಷ್ಟಿ ಮಡಿಚಿ ಬಿಚ್ಚಿ, ಮೊಣಕೈ ಆಡಿಸ್ತಾ ಇರ್ಲಿ” ಎಂದದ್ದು ಗಾಳಿಯ ಪಾಲಾಯಿತು. ಅವನು ಅರ್ಧ ಮಾತು ಹೊತ್ತು ಮನೆಗೆ ಬಂದ.

ಬಸ್ಸಿನಲ್ಲಿ ಹಿಂದಿನ ಸೀಟಿನ ಕಿಟಕಿ ಒಂದು ಬೆರಳಷ್ಟು ತೆರೆದಿತ್ತು. ಅದನ್ನು ಅವನು ಊರು ಬಂದ ಮೇಲೆ ಗಮನಿಸಿದ. ಆ ಬೆರಳಗಲದ ಸಂದಿ ಮುಂದೆ ದೊಡ್ಡ ಕಥೆಯಾಯಿತು.

ಲೆಪೊಸಾವ ಅರ್ಧ ಮಾತನ್ನೇ ಪೂರ್ತಿಯೆಂದು ನಂಬಿದಳು. “ಕೈ ಎತ್ತಬಾರದು ಅಂದ್ರೆ ಎತ್ತಬಾರದು. ಇವಳ ಎಡಗೈ ಹೇಳಿದ್ ಮಾತು ಕೇಳೋ ಕೈಯಾ? ಬಿಟ್ರೆ ಕೊಡಲಿಗೆ ಹೋಗತ್ತೆ, ಇಲ್ಲಾಂದ್ರೆ ನನ್ನ ಜುಟ್ಟಿಗೆ ಬರತ್ತೆ” ಎಂದು ಪೆಟ್ಟಿಗೆ ತೆಗೆದು ತನ್ನ ಮದುವೆಯ ಉಣ್ಣೆಯ ನಡುಪಟ್ಟಿ ತಂದಳು. ಕೆಂಪು ಕಪ್ಪು ಗೆರೆಗಳ, ಅವಳ ತಾಯಿ ನೇಯ್ದ ಪಟ್ಟಿ ಅದು. ಸ್ತಾಮೆಂಕಳ ಎಡತೋಳನ್ನು ಮೈಗೆ ಆನಿಸಿ, ಮೂರು ಸುತ್ತು ಸುತ್ತಿ, ಬೆನ್ನ ಹಿಂದೆ ಗಂಟು ಬಿಗಿದಳು.

“ಲೇ ಲೆಪಾ, ನಾನೇನು ಸಂತೆಗೆ ಒಯ್ಯೋ ಕೋಳಿಯೇನೇ?”

“ಕೋಳಿ ಆಗಿದ್ರೆ ಕಾಲು ಕಟ್ತಿದ್ದೆ. ಸುಮ್ನಿರಕ್ಕಾ.”

ಮದುವೆಯ ಪಟ್ಟಿಯನ್ನು ಲೆಪೊಸಾವ ತನ್ನ ಸ್ವಂತ ಮಗಳಿಗೂ ಮುಟ್ಟಗೊಟ್ಟವಳಲ್ಲ. ಅದು ಸ್ತಾಮೆಂಕಳಿಗೆ ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಾದಳು. ಉಡುವಾಗ ತೊಡುವಾಗ ಬಿಚ್ಚುವುದು, ಮತ್ತೆ ಬಿಗಿಯುವುದು, ಹೀಗೆ ಹಗಲು ರಾತ್ರಿ ಕೈ ಮೈಗಂಟಿಕೊಂಡೇ ಉಳಿಯಿತು.

ಕೆಲವು ದಿನಗಳಾದ ಮೇಲೆ ತೋಳು ಭಾರವಾಗತೊಡಗಿತು. ಹಿಟ್ಟಿನ ಮೂಟೆಯನ್ನು ಯಾರೋ ಹೆಗಲಿಗೆ ತಗುಲಿಹಾಕಿದ ಹಾಗೆ. ಆಮೇಲೆ ಬೆರಳು ದಪ್ಪಗಾದವು. ರಾಡಿಸಾವ್ ನೋಡಿದವನೇ ತೀರ್ಪು ಕೊಟ್ಟ:

“ನಾನು ಹೇಳ್ಲಿಲ್ವಾ? ಬಸ್ಸಿನ ಕಿಟಕಿ! ಸಂದಿಗಾಳಿ ಹೆಗಲಿನೊಳಗೆ ಕೂತಿದೆ.”

“ಕೂತಿದ್ರೆ ಕೂರ್ಲಿ, ಟಿಕೆಟ್ ತಗೊಂಡಿದೆಯಾ ಕೇಳು” ಎಂದಳು ಸ್ತಾಮೆಂಕ.

ಸಂದಿಗಾಳಿಗೆ ಮದ್ದೇನೆಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಪ್ಲಮ್ ಹಣ್ಣಿನ ಸಾರಾಯಿ ರಾಕಿಯದಲ್ಲಿ ಬಟ್ಟೆ ಅದ್ದಿ ಸುತ್ತಬೇಕು, ಮೇಲೆ ಜಜ್ಜಿದ ಎಲೆಕೋಸಿನ ಎಲೆ. ರಾಡಿಸಾವ್ ತನ್ನ ಹಳೇ ಸೀಸೆಯ ರಾಕಿಯವನ್ನೇ ಸುರಿದ. ಮಗನ ಮದುವೆಗೂ ತೆಗೆಯದ ಸೀಸೆ ಅದು. ಒಂದು ಪಾಲು ತೋಳಿಗೆ, ಒಂದು ಪಾಲು ತನ್ನ ಗಂಟಲಿಗೆ, ದುಃಖ ಆರಲೆಂದು. ಮನೆಯ ಕಿಟಕಿಗಳಿಗೆಲ್ಲ ಬಟ್ಟೆ ತುರುಕಿದ. ಒಳಗೆ ಕೋಸು, ರಾಕಿಯ, ಉಣ್ಣೆ ಎಲ್ಲ ಕೂಡಿದ ಘಮಕ್ಕೆ ಬೆಕ್ಕು ಮನೆ ಬಿಟ್ಟು ಹೋಯಿತು.

ತೋಳು ಇಳಿಯಲಿಲ್ಲ. ಅಷ್ಟರಲ್ಲಿ ಕಾಯಿ ಬಂತು.

ಕೇರಿಯ ಹೊಲಗಳಿಂದ ಕೆಂಪು ಕಾಯಿಯ ಬಲೆಚೀಲಗಳು ಬಂದು ಕೊಟ್ಟಿಗೆಯಲ್ಲಿ ಎದೆಮಟ್ಟ ಪೇರಿಕೊಂಡವು. ಕಾಯಿ ಕಾಯುವುದಿಲ್ಲ, ನಾಲ್ಕು ದಿನ ತಡವಾದರೆ ಮೆತ್ತಗಾಗಿ ಕೊಳೆಯುತ್ತದೆ. ಸ್ತಾಮೆಂಕ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಆ ಕೆಂಪನ್ನು ನೋಡಿದಳು. ಗೋಡೆಗೆ ಒರಗಿಸಿದ್ದ ಸೌಟನ್ನು ನೋಡಿದಳು. ಹಿಂದಿನ ಇರುಳು ನೋವು ಕಂಕುಳದವರೆಗೆ ಏರಿತ್ತು. ತೋಳು ಹೇಗಿದೆಯೆಂದು ಬಾಯಿ ಬಿಟ್ಟರೆ ಮತ್ತೆ ಆಸ್ಪತ್ರೆ. ಆಸ್ಪತ್ರೆಗೆ ಹೋದರೆ ಸೌಟು ಲೆಪೊಸಾವಳ ಕೈಗೆ. ಒಮ್ಮೆ ಹೋದ ಸೌಟು ತಿರುಗಿ ಬರುತ್ತದೆಯೇ? ಅದಕ್ಕಿಂತ ಒಳಗೆ ಇನ್ನೊಂದು ಭಯವಿತ್ತು, ಅದನ್ನು ಅವಳು ತನಗೇ ಹೇಳಿಕೊಳ್ಳುತ್ತಿರಲಿಲ್ಲ. ಈ ಕೈ ಇನ್ನು ಏಳದೇ ಹೋದರೆ? ರೊಟ್ಟಿ ತಟ್ಟಿದ್ದು, ಹಾಲು ಕರೆದದ್ದು, ಮಕ್ಕಳ ತಲೆ ಬಾಚಿದ್ದು, ಅತ್ತೆಯ ಕಣ್ಣು ಮುಚ್ಚಿದ್ದು, ಎಲ್ಲಾ ಈ ಕೈ. ಬಲಗೈ ಏನಿದ್ದರೂ ಶಿಲುಬೆಯ ಗುರುತು ಹಾಕಿಕೊಳ್ಳಲು, ವರ್ಷಕ್ಕೊಮ್ಮೆ ಸಹಿ ಹಾಕಲು ಇದ್ದ ಅತಿಥಿ.

ಗಂಡನ ದೊಗಳೆ ಅಂಗಿ ಹಾಕಿಕೊಂಡು ತೋಳು ಮುಚ್ಚಿಕೊಂಡಳು. ಕೇಳಿದವರಿಗೆಲ್ಲ, “ಇಳೀತಾ ಇದೆ, ಇಳೀತಾ ಇದೆ” ಎಂದಳು. ಕೋಸಿನ ಎಲೆಯನ್ನೂ ತಾನೇ ಒಂಟಿಗೈಯಲ್ಲಿ ಬದಲಾಯಿಸಿಕೊಳ್ಳತೊಡಗಿದಳು.

ಕಾಯಿ ಸುಡುವ ದಿನ ಬೆಳಗ್ಗೆ ಲೆಪೊಸಾವ ತಡೆಯದೆ ಒಳಗೆ ನುಗ್ಗಿದಳು. “ಎಲೆ ಬಾಡಿ ನಾರ್ತಾ ಇದೆ, ಕೇರಿ ತುದೀವರೆಗೂ ಮೂಗು ಮುಚ್ಕೋತಿದಾರೆ. ಬಾ ಇಲ್ಲಿ, ನಾನು ಬದಲಾಯಿಸ್ತೀನಿ.”

“ನಾನೇ ಮಾಡ್ಕೊಂಡೆ, ಹೋಗೇ.”

“ಮಾಡ್ಕೊಂಡಿರೋ ಮುಖ ನೋಡು!” ಎಂದವಳೇ ಲೆಪೊಸಾವ ಪಟ್ಟಿ ಬಿಚ್ಚಿ ಅಂಗಿಯ ಗುಂಡಿ ತೆಗೆದಳು. ತೆಗೆದವಳು ಹಾಗೇ ನಿಂತಳು.

ತೋಳು ಭುಜದಿಂದ ಬೆರಳಿನವರೆಗೆ ಒಂದೇ ದಪ್ಪವಾಗಿ, ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ನಿಲ್ಲಿಸಿದ್ದು ಎದೆ. ಎಡ ಹೆಗಲಿನಿಂದ ಎದೆಯ ಮೇಲೆ, ಎಲೆ ಉದುರಿದ ಮರದ ಕೊಂಬೆಗಳ ಹಾಗೆ ನೀಲಿ ನರಗಳು ಎದ್ದು ಹರಡಿದ್ದವು. ಬಲಗಡೆ ಒಂದೂ ಇರಲಿಲ್ಲ.

“ಅಕ್ಕಾ,” ಎಂದಳು ಲೆಪೊಸಾವ ಮೆಲ್ಲಗೆ. “ಗಾಳಿ ಹಿಂಗೆ ಗೆರೆ ಎಳೆಯಲ್ಲ.”

“ಮುಚ್ಚು ಬಾಯಿ. ಕಾಯಿ ಸುಡೋಕೆ ಬೆಂಕಿ ಹಾಕು ಹೋಗು.”

“ದ್ರಾಗಿನ್ಯಾನ ಕರೀತೀನಿ.” ದ್ರಾಗಿನ್ಯ ಊರಿನ ದವಾಖಾನೆಯ ನರ್ಸು.

“ಕರೆದ್ರೆ ನೋಡು! ನಂಗೊತ್ತಿಲ್ವಾ ನಿನ್ನ ಹುನ್ನಾರ? ನನ್ನ ಆಸ್ಪತ್ರೆಗೆ ಸಾಗಹಾಕಿ ಸೌಟು ಹಿಡೀಬೇಕು ನೀನು. ಈ ಮನೇಗೆ ಕಾಲಿಟ್ಟಾಗಿಂದ ಅದರ ಮೇಲೇ ಕಣ್ಣು!”

ಲೆಪೊಸಾವಳ ಮುಖ ಒಲೆಯಂತೆ ಉರಿಯಿತು. “ಹೌದು ಕಣೇ, ಕಣ್ಣಿತ್ತು! ಇಷ್ಟು ವರ್ಷ ಇತ್ತು! ಆ ಸೊಟ್ಟ ಸೌಟು ತಗೊಂಡು ನಿನ್ನ ಗೋರಿ ಮೇಲೆ ನೆಡಲಾ? ಯಾರ ಹತ್ರ ಜಗಳ ಆಡ್ಲಿ ಆಮೇಲೆ, ನಿನ್ನ ಗಂಡನ ಹತ್ರಾನಾ? ಅವನು ಕಿಟಕಿ ಬಿಟ್ರೆ ಇನ್ನೇನೂ ಮಾತಾಡಲ್ಲ!” ಎಂದು ಕಣ್ಣೊರೆಸಿಕೊಳ್ಳುತ್ತ ಬಾಗಿಲು ತೆರೆದಿಟ್ಟೇ ಓಡಿದಳು. ನಮ್ಮ ಕಡೆ ಅಷ್ಟು ದೊಡ್ಡ ಬಾಗಿಲನ್ನು ಯಾರೂ ತೆರೆದಿಟ್ಟು ಹೋಗುವುದಿಲ್ಲ. ಮಂಚದ ಮೇಲೆ ಕುಳಿತಿದ್ದ ಸ್ತಾಮೆಂಕಳಿಗೆ ಆಗ ನಿಜವಾಗಿ ಹೆದರಿಕೆಯಾಯಿತು.

ದ್ರಾಗಿನ್ಯ ಬಂದವಳು ಬಾಗಿಲಲ್ಲೇ ಮೂಗು ಹಿಡಿದಳು. ತೋಳು ನೋಡಿದ ಮೇಲೆ ಮೂಗಿನಿಂದ ಕೈ ತೆಗೆದಳು. ಬೆರಳೂರಿ ನೋಡಿ, ಎದೆಯ ನೀಲಿ ಕಂಡು, “ಇದನ್ನ ಯಾರಾದ್ರೂ ತಿಕ್ಕಿದೀರಾ?” ಎಂದು ಕೇಳಿದಳು.

“ನಾನು,” ಎಂದ ರಾಡಿಸಾವ್. “ರಾಕಿಯ ಹಾಕಿ ಚೆನ್ನಾಗಿ ತಿಕ್ಕಿದೆ.”

“ಇನ್ನು ಮುಟ್ಟಬೇಡಿ. ರಕ್ತ ಕಟ್ಟಿಕೊಂಡಿರೋ ಹಾಗಿದೆ. ತಿಕ್ಕಿದ್ರೆ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋದೀತು. ಈಗಲೇ ಹೊರಡಿ, ಕಾಯಿ ಸುಟ್ಟು ಆಮೇಲೆ ಅನ್ನಬೇಡಿ.”

ಪಕ್ಕದ ಮನೆಯವರ ಕಾರಿನಲ್ಲಿ ಹತ್ತಿರದ ಪಟ್ಟಣ ಲೆಸ್ಕೊವಾತ್ಸಿನ ಆಸ್ಪತ್ರೆಗೆ ಹೊರಟರು. ರಾಡಿಸಾವ್ ಮುಂದೆ ಕುಳಿತು ಎಲ್ಲ ಗಾಜು ಏರಿಸಿದ. ಹಿಂದಿನ ಸೀಟಿನಲ್ಲಿ ಓರಗಿತ್ತಿಯರಿಬ್ಬರೂ ಒಂದೊಂದು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತರು. ಆದರೆ ಸ್ತಾಮೆಂಕಳ ಊದಿದ ಕೈ ಲೆಪೊಸಾವಳ ತೊಡೆಯ ಮೇಲೆ, ದಿಂಬಿನ ಮೇಲಿತ್ತು. ರಸ್ತೆ ಕುಲುಕಿದಾಗಲೆಲ್ಲ ಲೆಪೊಸಾವ ದಿಂಬನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು, ಮುಖ ಮಾತ್ರ ತಿರುಗಿಸಲಿಲ್ಲ.

ಆಸ್ಪತ್ರೆಯಲ್ಲಿ ನೆವೆನಾ ಎಂಬ ಡಾಕ್ಟರು ತೋಳಿಗೂ ಹೆಗಲಿಗೂ ಸ್ಕ್ಯಾನ್ ಮಾಡಿದಳು. ಪರದೆಯ ಮೇಲೆ ಕಪ್ಪು ಬಿಳುಪಿನಲ್ಲಿ ಏನೋ ಮಿಸುಕಿತು. ಅವಳು ಆತುರಪಡದೆ ಹೇಳಿದಳು:

“ಪೇಸ್‌ಮೇಕರಿನ ತಂತಿ ಈ ರಕ್ತನಾಳದೊಳಗೇ ಹಾದು ಹೋಗತ್ತಮ್ಮಾ. ಕೆಲವರಿಗೆ ಆ ತಂತಿ ಸುತ್ತ ರಕ್ತ ಹೆಪ್ಪುಗಟ್ಟತ್ತೆ. ನಿಮಗೆ ಹೆಗಲ ಹತ್ರ ಕಟ್ಟಿಕೊಂಡು ತೋಳಿಗೆ ಇಳಿದಿದೆ. ಕೈಯಿಂದ ವಾಪಸ್ ಹೋಗೋ ರಕ್ತಕ್ಕೆ ಹೆದ್ದಾರಿ ಮುಚ್ಚಿದೆ, ಅದಕ್ಕೇ ಅದು ಕಾಲುದಾರಿ ಹುಡುಕಿದೆ. ಎದೆ ಮೇಲಿನ ನೀಲಿ ಗೆರೆಗಳು ಅವೇ.”

“ಹಾಲಿಗೆ ಹೆಪ್ಪು ಹಾಕಿದ್ದೇ ಈ ಕೈ,” ಎಂದಳು ಸ್ತಾಮೆಂಕ. “ಈಗ ಕೈಗೇ ಹೆಪ್ಪು ಬಿತ್ತಾ?” ನಗಿಸಲು ಹೋದವಳು ಬಲಗೈಯಲ್ಲಿ ಡಾಕ್ಟರ ತೋಳು ಹಿಡಿದಳು. “ಮಗಳೇ, ಸುತ್ತಿ ಬಳಸಿ ಹೇಳಬೇಡ. ಕೈ ಉಳಿಯತ್ತಾ?”

“ಉಳಿಯತ್ತೆ. ಮೊದಲು ಇಂಜೆಕ್ಷನ್, ಆಮೇಲೆ ಕೆಲವು ತಿಂಗಳು ರಕ್ತ ತೆಳುವಾಗೋ ಮಾತ್ರೆ. ಊತ ನಿಧಾನವಾಗಿ ಇಳಿಯತ್ತೆ. ಯಂತ್ರ ಎಲ್ಲಿದೆಯೋ ಅಲ್ಲೇ ಇರಲಿ, ಅದು ಸರಿಯಾಗಿ ಕೆಲಸ ಮಾಡ್ತಿದೆ. ಇನ್ನೂ ತಡ ಮಾಡಿದ್ದಿದ್ರೆ ಮಾತ್ರ ನಾನು ಇಷ್ಟು ನಗುತ್ತಾ ಮಾತಾಡ್ತಿರಲಿಲ್ಲ.” ಆಮೇಲೆ ಚರ್ಮದ ಮೇಲಿದ್ದ ಅಡ್ಡಗೆರೆಗಳನ್ನು ನೋಡಿ, “ಇದೇನು, ಕಟ್ಟಿದ್ದ ಗುರುತು?” ಎಂದಳು.

ಲೆಪೊಸಾವ ತನ್ನ ಮಡಿಲಲ್ಲಿದ್ದ ಉಣ್ಣೆಯ ಪಟ್ಟಿಯನ್ನು ಮುದ್ದೆ ಮಾಡಿ ಹಿಡಿದಳು. ಸ್ತಾಮೆಂಕ ಅದನ್ನು ನೋಡಿದಳು.

“ನಾನೇ ಕಟ್ಕೊಂಡೆ,” ಎಂದಳು ಸ್ತಾಮೆಂಕ.

“ಒಂದೇ ಕೈಲಿ, ಬೆನ್ನ ಹಿಂದೆ?” ಎಂದಳು ಡಾಕ್ಟರು.

“ನಾನು ಗಂಟು ಹಾಕೋದ್ರಲ್ಲಿ ಜಾಣೆ. ಊರಲ್ಲಿ ಕೇಳು.”

“ಇಲ್ಲ, ನಾನು ಕಟ್ಟಿದ್ದು,” ಎಂದು ಲೆಪೊಸಾವ ಅಳತೊಡಗಿದಳು. “ಎತ್ತಬಾರದು ಅಂದ್ರಲ್ಲಾ, ಅದಕ್ಕೇ. ನಾನೇ ಇವಳ ರಕ್ತ ನಿಲ್ಲಿಸಿಬಿಟ್ಟೆ.”

ಡಾಕ್ಟರು ಅವಳ ಪಕ್ಕ ಕುಳಿತಳು. “ಇದನ್ನ ಮಾಡಿದ್ದು ಮುಖ್ಯವಾಗಿ ತಂತಿ, ನಿಮ್ಮ ಪಟ್ಟಿ ಅಲ್ಲ. ಪಟ್ಟಿ ಕಟ್ಟದೆ ಇರೋರಿಗೂ ಹೀಗಾಗತ್ತೆ. ಆದ್ರೆ ಕೈ ಆಡಿಸದೆ ಇಟ್ಟಿದ್ದು ಒಳ್ಳೇದು ಮಾಡ್ಲಿಲ್ಲ. ಭುಜದಿಂದ ಮೇಲೆ ಮಾತ್ರ ಬೇಡ. ಕೆಳಗೆ ಆಡಿಸ್ತಾನೇ ಇರಬೇಕು. ಹೊರಡುವಾಗ ಹೇಳಿರಬೇಕಲ್ಲಾ?”

ಮೂವರೂ ರಾಡಿಸಾವನ ಕಡೆ ತಿರುಗಿದರು. ಅವನು ಟೋಪಿ ತೆಗೆದು ಕೈಯಲ್ಲಿ ಹೊಸಕಿದ. “ಕಿಟಕಿ ತೆಗೆದಿತ್ತು...” ಎಂದ.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಔಷಧಿಯ ಚೀಟಿಯ ಜೊತೆ ಒಂದು ಕಾಗದ ಮುಂದಿಟ್ಟು ಸಹಿ ಹಾಕಲು ಪೆನ್ನು ಕೊಟ್ಟಳು. ಪೆನ್ನು ಇಟ್ಟಿದ್ದು ಸ್ತಾಮೆಂಕಳ ಎಡಗಡೆ. ಆ ಊದಿದ ಕೈಯೇ ಮೊದಲು ಅದರ ಕಡೆ ಹೊರಟಿತು. ಆಮೇಲೆ ಅವಳು ಬಲಗೈಯಲ್ಲಿ ಎತ್ತಿಕೊಂಡು ಚಂದದ ಅಕ್ಷರದಲ್ಲಿ ಸಹಿ ಹಾಕಿದಳು.

“ಅಮ್ಮಾ, ನೀವು ಎಡಚಿ ಅಲ್ವಾ?”

“ಹೂಂ.”

“ಮತ್ತೆ ಯಂತ್ರ ಇಟ್ಟ ಆಸ್ಪತ್ರೆಯ ಕಾಗದದಲ್ಲಿ ಬಲಗೈ ಅಂತಿದೆ, ಹಾಗೆ ಯಾಕೆ ಹೇಳಿದ್ರಿ?”

“ಯಾವ ಕೈಲಿ ಬರೀತೀಯಾ ಅಂದ್ರು, ಹೇಳಿದೆ. ಬರೆಯೋದನ್ನ ಯಾಕೆ ಕೇಳ್ಬೇಕಿತ್ತು ಅವರು? ಈರುಳ್ಳಿ ಯಾವ ಕೈಲಿ ಹೆಚ್ತೀಯಾ ಅಂತ ಕೇಳಿದ್ರೆ ಸರಿಯಾಗಿ ಹೇಳ್ತಿರಲಿಲ್ವಾ!”

ಅಳುತ್ತಿದ್ದ ಲೆಪೊಸಾವ ಮೂಗು ಸೀಟಿಕೊಂಡು ಗೊಳ್ಳೆಂದು ನಕ್ಕಳು. “ಮುತ್ತಿನಂಥ ಅಕ್ಷರ ಅಂತ ಮೆರೆದಳು ನೋಡು! ಮುತ್ತು ಎದೆಯೊಳಗೇ ಕೂತ್ಕೊಂಡಿತು!”

ಸ್ತಾಮೆಂಕಳನ್ನು ಕೆಲವು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಅವಳು ಕೆಂಪು ರಬ್ಬರ್ ಚೆಂಡು ಹಿಸುಕುತ್ತ ಮಲಗಿದಳು. ಕಣ್ಣು ಮುಚ್ಚಿದರೆ ಕೊಟ್ಟಿಗೆಯ ಕಾಯಿ ಕಾಣುತ್ತಿತ್ತು. ನೋಡಲು ಬಂದ ರಾಡಿಸಾವನಿಗೆ, “ಲೆಪಾ ಕಾಯಿಸಿದ್ಲಾ?” ಎಂದು ಕೇಳಿದರೆ ಅವನು, “ಕಾಯಿ ಚೆನ್ನಾಗಿದೆ, ನೀನು ಮಲಕ್ಕೋ” ಎನ್ನುತ್ತಿದ್ದ. ಚೆಂಡು ಹಿಸುಕುವಾಗ ಮೊದಲ ದಿನ ಬೆರಳು ಕೂಡಲಿಲ್ಲ. ಆಮೇಲೆ ಕೂಡಿದವು. ಹೊರಡುವ ಬೆಳಗ್ಗೆ ಗಡಿಯಾರದ ಪಟ್ಟಿ ಮತ್ತೆ ಮಣಿಕಟ್ಟನ್ನು ಸುತ್ತಿ ಕೊನೆಯ ತೂತಿಗೆ ಬಂದಾಗ ಅವಳು ಯಾರಿಗೂ ಕಾಣದ ಹಾಗೆ ಆ ಕೈಗೆ ಮುತ್ತು ಕೊಟ್ಟಳು.

ಡಾಕ್ಟರು ಈ ಸಲ ಹೇಳುವುದನ್ನೆಲ್ಲ ಕಿಟಕಿ ಮುಚ್ಚಿಕೊಂಡೇ ಹೇಳಿದಳು. ಮಾತ್ರೆ ತಪ್ಪಿಸಬಾರದು. ಕೈಯಲ್ಲಿ ಬಟ್ಟಲು ಹಿಡಿ, ಮೇಜು ಒರೆಸು, ಹಗುರ ಕೆಲಸ ಮಾಡು, ಭಾರ ಬೇಡ. ಕೋಸನ್ನು ತೋಳಿಗೆ ಕಟ್ಟುವುದು ಬೇಡವೇ ಬೇಡ, ಹೊಟ್ಟೆಗೂ ಒಂದೇ ಸಲ ತಟ್ಟೆಗಟ್ಟಲೆ ತುಂಬಬೇಡ, ಈ ಮಾತ್ರೆಗೂ ಅದಕ್ಕೂ ಆಗಿಬರುವುದಿಲ್ಲ. ರಾಕಿಯವೂ ಅಷ್ಟೆ. “ಕೋಸೂ ಇಲ್ಲ, ರಾಕಿಯವೂ ಇಲ್ಲ,” ಎಂದು ರಾಡಿಸಾವ್ ನಿಟ್ಟುಸಿರಿಟ್ಟ. “ಬದುಕೋದು ಹೆಂಗೆ ಅಂತ ಹೇಳಿಲ್ಲ.”

ಅಂಗಳಕ್ಕೆ ಬಂದಿಳಿದಾಗ ಕೊಟ್ಟಿಗೆ ಖಾಲಿಯಾಗಿತ್ತು. ಆಯಿತು ಬಿಡು, ಸೌಟು ಹೋಯಿತು ಎಂದುಕೊಂಡಳು ಸ್ತಾಮೆಂಕ. ಆದರೆ ಚಪ್ಪರದ ನೆರಳಿಗೆ ಬಂದರೆ, ಕೇರಿಯ ಹೆಂಗಸರೆಲ್ಲ ಸುತ್ತ ಕುಳಿತಿದ್ದರು. ಬಿಳಿ ಬಟ್ಟೆಗಳಲ್ಲಿ ಕಟ್ಟಿದ ಸುಲಿದ ಕಾಯಿ ಕೊಂಬೆಗಳಿಂದ ತೂಗುತ್ತ ತೊಟ್ಟಿಕ್ಕುತ್ತಿತ್ತು. ಗಟ್ಟಿ ಕಾಯಿಯನ್ನು ನೆಲಮಾಳಿಗೆಯ ತಂಪಿನಲ್ಲಿ ಹರವಿಟ್ಟು ಇವಳಿಗಾಗಿ ಕಾದು, ಹಿಂದಿನ ದಿನವಷ್ಟೇ ಸುಟ್ಟಿದ್ದರು. ಮೆತ್ತಗಾಗಿದ್ದವನ್ನು ಮಾತ್ರ ಲೆಪೊಸಾವ ಮೊದಲೇ ಕಾಯಿಸಿದ್ದಳು. ಆ ಒಂದು ಕೊಪ್ಪರಿಗೆಯ ಪಾಡು ಅವಳ ಮುಖದ ಮೇಲೆ ಬರೆದಿತ್ತು.

“ತಳ ಹಿಡಿಸಿದ್ಯಾ?”

“ಸೌಟು ಹಿಡಿಸ್ತು, ನಾನಲ್ಲ! ಆ ಸೊಟ್ಟ ಮುಂಡೇದು ನನ್ನ ಕೈಲಿ ಅಡ್ಡಡ್ಡ ತಿರುಗತ್ತೆ. ನಾನು ಬಲಕ್ಕೆ ಅಂದ್ರೆ ಅದು ಎಡಕ್ಕೆ. ಥೇಟ್ ನೀನೇ.”

“ಬೇರೆ ಸೌಟು ಇರಲಿಲ್ವಾ?”

ಲೆಪೊಸಾವ ನೆಲ ನೋಡಿದಳು. “ಇತ್ತು,” ಎಂದಳು.

ಒಲೆ ಹೊತ್ತಿತು. ಎಣ್ಣೆ ಕಾದು, ಅರೆದ ಕಾಯಿ ಬಿದ್ದು ಚುರ್ರೆಂದಿತು. ಸ್ತಾಮೆಂಕಳಿಗೆ ಕುರ್ಚಿ ಹಾಕಿ ಕೂರಿಸಿದರು. ಕೂತವಳ ಬಾಯಿ ಕೂರಲಿಲ್ಲ. “ಮೂಲೆ ಕೆರೆಯೇ, ಮೂಲೆ! ಮಗು ತೊಟ್ಟಿಲು ತೂಗ್ತಿದೀಯಾ? ಉರಿ ತಗ್ಗಿಸು. ಅಯ್ಯೋ, ಅಷ್ಟು ತಗ್ಗಿಸಿದ್ರೆ ಕ್ರಿಸ್‌ಮಸ್ ಹೊತ್ತಿಗೆ ಆದೀತು.” ಈ ಸಲ ಬಲಗೈಯ ಮಾಮೂಲಿ ಸೌಟು ಹಿಡಿದಿದ್ದ ಲೆಪೊಸಾವ, “ದೇವರು ಕೈ ಕಟ್ಟಿದ, ಬಾಯಿ ಮರೆತುಬಿಟ್ಟ” ಎಂದು ಬೈಯುತ್ತ, ಹೇಳಿದ ಹಾಗೆಯೇ ತಿರುವಿದಳು. ಮಧ್ಯಾಹ್ನ ದಾಟಿತು. ತಿರುವಿ ತಿರುವಿ ಲೆಪೊಸಾವಳ ನಡು ಸೋತಿತು. ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ನರಳಿದಳು. ಆದರೂ ಸೌಟನ್ನು ಬೇರೆಯವರಿಗೆ ಕೊಡಲಿಲ್ಲ.

ಸ್ತಾಮೆಂಕ ಎದ್ದಳು. ಕುರ್ಚಿಯ ಬೆನ್ನ ಮೇಲೆ ಇದ್ದ ಉಣ್ಣೆಯ ಪಟ್ಟಿ ತೆಗೆದುಕೊಂಡಳು. ಲೆಪೊಸಾವಳ ಹಿಂದೆ ಹೋಗಿ ನಿಂತು ಅವಳ ಸೊಂಟಕ್ಕೆ ಸುತ್ತಿದಳು.

“ನೆಟ್ಟಗೆ ನಿಲ್ಲು. ಇದು ಇರಬೇಕಾದ ಜಾಗ ಇದು, ನನ್ನ ತೋಳಲ್ಲ.”

ತುದಿಗಳನ್ನು ಎಳೆದಳು. ಬಲಗೈ ಒಂದು ತುದಿ ಹಿಡಿದುಕೊಂಡಿತು, ಅತಿಥಿಯ ಹಾಗೆ. ಎಡಗೈ, ಇನ್ನೂ ಸ್ವಲ್ಪ ದಪ್ಪವಾಗಿ, ಬೆರಳುಗಳು ಇನ್ನೂ ನಿಧಾನವಾಗಿ, ಇನ್ನೊಂದು ತುದಿಯನ್ನು ಎಡಕ್ಕೆ ಸುತ್ತಿ, ಕೆಳಗಿನಿಂದ ತೂರಿಸಿ, ಬಿಗಿಯಿತು. ಒಮ್ಮೆ ಜಾರಿತು. ಇನ್ನೊಮ್ಮೆ ತೂರಿಸಿತು. ಹೆಂಗಸರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಗಂಟು ಕೂತಿತು.

ಸ್ತಾಮೆಂಕ ತನ್ನ ಕೈಯನ್ನೇ ನೋಡಿಕೊಂಡಳು, ಊರಿಗೆ ಹೋಗಿ ತಿರುಗಿ ಬಂದವರನ್ನು ನೋಡುವ ಹಾಗೆ.

“ಬಿಗಿಯಾಯ್ತು ಕಣೇ ಅಕ್ಕಾ, ಉಸಿರು ಕಟ್ತಿದೆ!” ಎಂದಳು ಲೆಪೊಸಾವ, ಕೊಪ್ಪರಿಗೆಯ ಮೇಲೆ ಬಗ್ಗಿಕೊಂಡೇ. ಅವಳ ಕಣ್ಣಲ್ಲಿ ನೀರಿತ್ತು. ಕೇಳಿದ್ದರೆ ಹೊಗೆ ಅನ್ನುತ್ತಿದ್ದಳು.

“ಉಸಿರಾಡೋಕೆ ಯಾರು ಹೇಳಿದ್ರು? ತಿರುವು.”

ಹೊತ್ತು ಇಳಿಯುವಾಗ ಸೌಟಿನ ಹಿಂದೆ ಕೊಪ್ಪರಿಗೆಯ ತಳದಲ್ಲಿ ದಾರಿ ಮೂಡಿತು. ಎಲ್ಲರೂ ಬಗ್ಗಿ ನೋಡಿದರು. ದಾರಿ ಕೂಡಿಕೊಳ್ಳಲಿಲ್ಲ. ಬಾಟಲಿ ತುಂಬಿ, ಪಾತ್ರೆ ತೊಳೆದು, ಹೆಂಗಸರು ತಮ್ಮ ತಮ್ಮ ಪಾಲು ಹೊತ್ತು ಮನೆಗೆ ಹೋದರು. ಲೆಪೊಸಾವಳೂ ಅಂಗಳ ದಾಟಿ ತನ್ನ ಬಾಗಿಲು ಹಾಕಿಕೊಂಡಳು.

ಸ್ತಾಮೆಂಕ ಸಂಜೆಯ ಮಾತ್ರೆ ನುಂಗಿ ನೀರು ಕುಡಿಯುತ್ತಿದ್ದಳು. ಆಚೆ ಬಾಗಿಲು ಮತ್ತೆ ತೆರೆಯಿತು. ಲೆಪೊಸಾವ ಅಂಗಳ ದಾಟಿ ಬಂದಳು, ಬೆನ್ನ ಹಿಂದೆ ಎರಡೂ ಕೈ ಕೊಟ್ಟುಕೊಂಡು, ಮುಖ ಕೆಂಪಗೆ ಮಾಡಿಕೊಂಡು.

“ಬಿಚ್ಚೇ ಅಕ್ಕಾ. ಬರ್ತಿಲ್ಲ.”

“ಕತ್ತರಿ ತರ್ಲಾ?” ಎಂದ ರಾಡಿಸಾವ್.

“ನಮ್ಮಮ್ಮ ನೇಯ್ದ ಪಟ್ಟಿ! ಮುಟ್ಟಿದ್ರೆ ಕೈ ಕಡೀತೀನಿ!”

ಸ್ತಾಮೆಂಕ ನೀರಿನ ಲೋಟ ಕೆಳಗಿಟ್ಟಳು, ಎ‌ಡಗೈಯಲ್ಲೇ. “ಕೂತ್ಕೋ,” ಎಂದಳು. “ಮೊದಲು ಕಾಫಿ ಆಗ್ಲಿ. ನಂಗೇನೂ ಅವಸರ ಇಲ್ಲ.”